ಅಕ್ಷರವನ್ನು ತಲೆಕೆಳಗಾಗಿ ನೋಡುವ ವೀರಭದ್ರಮ್ಮ

ಟಪ್. ಟಪ್. ಟಪ್.

ಬೆಳಗಿನ ಐದೂವರೆ. ಬಳ್ಳಾರಿಯ ಸತ್ಯನಾರಾಯಣಪೇಟೆಯ ಈ ಓಣಿಯಲ್ಲಿ ಹಾಲಿನವನಿಗಿಂತ ಮೊದಲು ಏಳುವುದು ಈ ಸದ್ದು. ಯಾರೋ ಬಟ್ಟೆ ಒಗೆಯುತ್ತಿರಬೇಕು ಅಂದುಕೊಂಡು ಮೆಟ್ಟಿಲು ಹತ್ತಿದರೆ ನೀರೂ ಇಲ್ಲ, ಕಲ್ಲೂ ಇಲ್ಲ. ಪಡಸಾಲೆಯಲ್ಲಿ ಅರವತ್ತೆರಡು ವರ್ಷದ ವೀರಭದ್ರಮ್ಮ ಕೂತಿದ್ದಾರೆ. ಪಕ್ಕದಲ್ಲಿ ನೀಲಿ ಹಲಗೆಗಳ ರಾಶಿ. ಒಂದೊಂದನ್ನೇ ಎತ್ತಿ ಗೋಡೆಗೆ ಆನಿಸಿ, ಎಡಗೈಯಲ್ಲಿ ಹಿಡಿದ ಮರದ ಸೌಟಿನಂಥ ವಸ್ತುವಿನಿಂದ ಬಡಿಯುತ್ತಾರೆ. ಪ್ರತಿ ಏಟಿಗೂ ಬಿಳಿ ಪುಡಿ ಹಾರುತ್ತದೆ. ನಿನ್ನೆ ಮಕ್ಕಳು ಬರೆದ ಅಕ್ಷರಗಳೆಲ್ಲ ಹೊಗೆಯ ಹಾಗೆ ಎದ್ದು ಬೀದಿ ದೀಪದ ಬೆಳಕಿನಲ್ಲಿ ತೇಲುತ್ತವೆ. ನನ್ನ ಅಜ್ಜಿಯ ಕಥೆಯಲ್ಲಾದರೆ ಅವೆಲ್ಲ ಈಗ ಹಕ್ಕಿಗಳಾಗಬೇಕಿತ್ತು.

"ಒಳಗ ಬಾರವ್ವ. ಬಾಗಿಲಾಗ ನಿಂತ್ರ ಪುಡಿ ಮೂಗಿಗೆ ಹೋಗಿ ಸೀನ್ತಿ. ನೀ ಸೀನಿದ್ರ ನಲವತ್ತಾರು ಹಲಗಿ ಮತ್ತ ಬಡೀಬೇಕು ನಾನು."

ಹಲಗೆಯನ್ನು ಮುಟ್ಟಿ ನೋಡಿದೆ. ಪ್ಲೈವುಡ್ಡಿಗೆ ಬಿಗಿದು ಮೊಳೆ ಹೊಡೆದ ಜೀನ್ಸ್ ಬಟ್ಟೆ. ಊರಿನ ಜೀನ್ಸ್ ಘಟಕಗಳಲ್ಲಿ ಕತ್ತರಿಸಿ ಉಳಿದ ತುಂಡುಗಳು. ವೀರಭದ್ರಮ್ಮನ ಹೊಟ್ಟೆಪಾಡೂ ಅದೇ: ಹೊಲಿದು ಬಂದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸಿ ಕೊಡುವುದು. ದಿನಕ್ಕೆ ಇನ್ನೂರು ಪ್ಯಾಂಟು. ಅದೆಲ್ಲ ಮಧ್ಯಾಹ್ನದ ಮೇಲೆ. ಬೆಳಗು ಮಾತ್ರ ಅಕ್ಷರದ್ದು.

ಜೀನ್ಸನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದರ ನೇಯ್ಗೆಯಲ್ಲೇ ಓರೆ ಗೆರೆಗಳಿರುತ್ತವೆ. ಅಕ್ಷರ ಎಷ್ಟು ವಾಲಬೇಕು ಎಂಬುದನ್ನು ಆ ಗೆರೆಯೇ ಮಗುವಿಗೆ ಹೇಳಿಕೊಡುತ್ತದೆ. ಬರೆಯುವುದು ದರ್ಜಿಗಳ ಚಪ್ಪಟೆ ಸೀಮೆಸುಣ್ಣದಿಂದ. ಅದರ ಅಂಚನ್ನು ಕೆಳಗೆಳೆದರೆ ದಪ್ಪ ಗೆರೆ, ಪಕ್ಕಕ್ಕೆ ಜಾರಿಸಿದರೆ ಕೂದಲೆಳೆ. ಮೂವತ್ತೆಂಟು ವರ್ಷದಿಂದ ಹೀಗೆ ಕೈಬರಹ ಕಲಿಸುತ್ತಿರುವ ಇವರನ್ನು ಮಕ್ಕಳು ಕರೆಯುವುದು 'ಗೆರಿ ಅಮ್ಮ' ಎಂದು. ಯಾವ ಶಾಲೆಯ ಹಾಜರಿ ಪಟ್ಟಿಯಲ್ಲೂ ಶಿಕ್ಷಕಿ ಎಂದು ಇವರ ಹೆಸರಿಲ್ಲ.

ಆರಕ್ಕೆ ಮಕ್ಕಳು ಬರುತ್ತಾರೆ. ಜೀನ್ಸ್ ಹೊಲಿಯುವವರ ಮಕ್ಕಳು, ಬ್ರೂಸ್‌ಪೇಟೆಯ ಅಂಗಡಿಗಳಲ್ಲಿ ಮೂಟೆ ಹೊರುವವರ ಮಕ್ಕಳು. ಸಾಲಾಗಿ ಕೂರುತ್ತಾರೆ. ಗೆರಿ ಅಮ್ಮ ಅವರ ಬೆನ್ನ ಹಿಂದೆ ನಿಂತು ಬಗ್ಗಿ ನೋಡುವವರಲ್ಲ. ಎದುರಿಗೇ ಕೂತು, ಹಲಗೆಗಳನ್ನು ತಲೆಕೆಳಗಾಗಿಯೇ ನೋಡಿ ತಿದ್ದುತ್ತಾರೆ. ಒಬ್ಬ ಪುಟ್ಟ ಹುಡುಗಿ, ನನ್ನತ್ತ ಕಣ್ಣು ಮಿಟುಕಿಸಿ, ತನ್ನ ಹಲಗೆಯ ಮೇಲೆ ದೊಡ್ಡದಾಗಿ 'ಗೆರಿ ಅಮ್ಮ ದೆವ್ವ' ಎಂದು ಬರೆದಳು. ವೀರಭದ್ರಮ್ಮ ಒಂದು ನಿಮಿಷ ದಿಟ್ಟಿಸಿದರು.

"ಈ ಕೊನೀ ಒತ್ತು ಯಾಕ ಹಸಿದವರಂಗ ಸೊರಗೈತಿ? ಹೊಟ್ಟಿ ತುಂಬ ಬರೀಲೇ."

ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಏನು ಬರೆದಿದ್ದಳು ಅನ್ನುವುದನ್ನು ಅವರು ನಿಜಕ್ಕೂ ಓದಿರಲಿಲ್ಲ. "ಓದಿದ್ರ ಮಾತು ಕಾಣ್ತೈತಿ, ಅಕ್ಷರ ಕಾಣಂಗಿಲ್ಲ," ಅನ್ನುತ್ತಾರೆ. "ಅದಕ್ಕ ತಲಿಕೆಳಗ ನೋಡ್ತೀನಿ. ನಾ ಕಲಿತದ್ದೂ ಹಂಗ, ಓದಾಕ ಬರದ ಪುಸ್ತಕದಿಂದ."

ಆ ಪುಸ್ತಕ ಟ್ರಂಕಿನಲ್ಲಿದೆ, ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ. ಬಿಚ್ಚಿದಾಗ ನಾನು ಕೈ ಹಿಂದಕ್ಕೆಳೆದುಕೊಂಡೆ, ಮುಟ್ಟಲು ಧೈರ್ಯ ಸಾಲದೆ. ಕಂದಿದ ಹಾಳೆಗಳ ತುಂಬ ವಾಲಿದ, ಬಳುಕಿದ ರೋಮನ್ ಅಕ್ಷರಗಳು. ಭಾಷೆ ಪೋರ್ಚುಗೀಸ್. ಕೆಲವು ಹಾಳೆಗಳಲ್ಲಿ ಹಕ್ಕಿ, ಮೀನು, ಕುದುರೆ ಏರಿದ ಸವಾರ. ಎಲ್ಲವೂ ಒಂದೇ ಗೆರೆಯಲ್ಲಿ, ಎಲ್ಲಿಯೂ ಲೇಖನಿ ಎತ್ತದೆ. ಮುನ್ನೂರು ವರ್ಷಗಳ ಹಿಂದೆಯೇ ಲಿಸ್ಬನ್ನಿನ ಬರವಣಿಗೆ ಗುರುಗಳು ತಮ್ಮ ಕೈಬರಹವನ್ನು ತಾಮ್ರದ ತಗಡಿನ ಮೇಲೆ ಕೆತ್ತಿಸಿ ಇಂಥ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ನೋಡಿ ನೋಡಿ ಬರೆಯಬೇಕು, ಗುರುವಿನದು ಯಾವುದು ಶಿಷ್ಯನದು ಯಾವುದು ತಿಳಿಯಬಾರದು, ಅಷ್ಟು ಬರೆಯಬೇಕು. ಆ ಪಾಠ ಹಡಗು ಹತ್ತಿ ಗೋವಾದ ಶಾಲೆಗಳಿಗೂ ಬಂತು. ಅಲ್ಲಿಂದ ಬಳ್ಳಾರಿಗೆ ತಂದವರು ವೀರಭದ್ರಮ್ಮನ ತಂದೆ ಮರಿಬಸಪ್ಪ.

ಕುರುಗೋಡಿನ ಮರಿಬಸಪ್ಪ ಇಪ್ಪತ್ತರ ಹರೆಯದಲ್ಲಿ ಅದಿರಿನ ರೈಲು ಹತ್ತಿ ಮುರಗಾಂವ್ ಬಂದರಿಗೆ ಹೋದವರು. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಅದಿರು ವ್ಯಾಪಾರಿಯೊಬ್ಬನ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು, ಆದರೆ ಇವರ ಕೈಬರಹ ನೋಡಿ ಸಾಹುಕಾರ ಮುಖ ಸಿಂಡರಿಸಿದ. ಮುದಿ ಶಾಲಾ ಮಾಸ್ತರನೊಬ್ಬನ ಮನೆಗೆ ಐದು ವರ್ಷ ಹೋಗಿ ಕೈ ತಿದ್ದಿಕೊಂಡರು. ಗಡಿ ಮುಚ್ಚಿ ರೈಲು ನಿಂತಾಗ ಊರಿಗೆ ಮರಳಿದರು. ತಂದದ್ದು ಎರಡೇ ವಸ್ತು. ಒಂದು ಈ ಪುಸ್ತಕ.

"ಇನ್ನೊಂದು ಇದು," ಎಂದು ವೀರಭದ್ರಮ್ಮ ಬೆಳಿಗ್ಗೆ ಹಲಗೆ ಬಡಿಯುತ್ತಿದ್ದ ಮರದ ಸೌಟನ್ನು ನನ್ನ ಮಡಿಲಿಗೆ ಹಾಕುತ್ತಾರೆ. ಉದ್ದ ಹಿಡಿ, ತುದಿಯಲ್ಲಿ ದುಂಡು ಬಿಲ್ಲೆ, ಬಿಲ್ಲೆಯಲ್ಲಿ ಐದು ತೂತು. "ಇದಕ್ಕ ಅಲ್ಲಿ 'ಐದು ಕಣ್ಣಿನ ಹುಡುಗಿ' ಅಂತಿದ್ರಂತ."

ಎಂಥ ಚೆಂದದ ಹೆಸರು! ನನ್ನ ಮನಸ್ಸು ಆಗಲೇ ಏಳು ಸಮುದ್ರದಾಚೆಗೆ, ಐದು ಕಣ್ಣಿನ ರಾಜಕುಮಾರಿಯ ಅರಮನೆಗೆ ಹೊರಟಿತ್ತು. ಇದರಲ್ಲಿ ಏನು ಮಾಡುತ್ತಿದ್ದರು, ಶಾಯಿ ಸೋಸುತ್ತಿದ್ದರೇ ಎಂದು ಕೇಳಿದೆ.

"ಹೊಡೀತಿದ್ರವ್ವ. ಅಂಗೈ ಚಾಚಬೇಕು. ಬಡಿದ್ರ ತೂತಿನೊಳಗ ಚರ್ಮ ಎಳಕೊಂಡು ಉಬ್ಬತಿತ್ತು. ಐದು ಗುಳ್ಳಿ."

ಮಡಿಲಲ್ಲಿದ್ದದ್ದು ಹಾವೇನೋ ಎಂಬಂತೆ ಎತ್ತಿ ಕೆಳಗಿಟ್ಟೆ. ಪೋರ್ಚುಗಲ್ಲಿನ ಶಾಲೆಗಳಲ್ಲಿ ತಲೆಮಾರುಗಳ ಕಾಲ ಅಂದದ ಅಕ್ಷರ ಮೂಡಿದ್ದು ಇದರ ಕಣ್ಗಾವಲಿನಲ್ಲಿ. ವೀರಭದ್ರಮ್ಮ ಮಾತ್ರ ದಾರ ಕತ್ತರಿಸುತ್ತ, ಅಡಿಗೆಯ ಮಾತು ಆಡುವಷ್ಟೇ ಸಲೀಸಾಗಿ ಹೇಳುತ್ತಾರೆ. "ನಾ ಹುಟ್ಟು ಎಡಚಿ. ನಮ್ಮಪ್ಪಗ ಅದು ಸೇರಂಗಿಲ್ಲ. ಎಡಗೈಲೆ ಸೀಮೆಸುಣ್ಣ ಹಿಡಿದ್ರ ಎಡಗೈಗೆ ಐದು. ಆರನೇ ವರ್ಷದಾಗ ಸುರು ಮಾಡಿದ, ಹತ್ತನೇದಕ್ಕ ಬಲಗೈಗೆ ಬಂದೆ. ಆದ್ರ ಅಪ್ಪ ಕೆಟ್ಟವ ಅಲ್ಲ. ಗುಳ್ಳಿಗೆ ಬೆಣ್ಣಿ ಹಚ್ಚಾಕ ಅವನೇ ಬರ್ತಿದ್ದ, ಅಳ್ತಿದ್ದ. ಅವನ ಮಾಸ್ತರ ಅವನಿಗೆ ಕಲಿಸಿದ್ದು ಹಂಗ."

ಈಗ ಅದೇ ಎಡಗೈಯಲ್ಲಿ ಅದೇ ಐದು ಕಣ್ಣಿನ ಹುಡುಗಿಯನ್ನು ಹಿಡಿದು ಸೀಮೆಸುಣ್ಣದ ಪುಡಿ ಝಾಡಿಸುತ್ತಾರೆ. ಮೂವತ್ತೆಂಟು ವರ್ಷದಲ್ಲಿ ಒಂದು ಮಗುವಿಗೂ ಅದು ತಾಗಿಲ್ಲ. ಎಡಗೈಯ ಮಕ್ಕಳು ಬಂದರೆ ಒಂದು ಉಪಾಯ ಇಟ್ಟುಕೊಂಡಿದ್ದಾರೆ: ಜೀನ್ಸ್ ಬಟ್ಟೆಯನ್ನು ತಿರುವಿ, ಒಳಮೈ ಮೇಲೆ ಮಾಡಿ ಹಲಗೆಗೆ ಬಿಗಿಯುತ್ತಾರೆ. ಒಳಮೈಯಲ್ಲಿ ಓರೆ ಗೆರೆ ಎಡಕ್ಕೆ ವಾಲಿರುತ್ತದೆ; ಮಾಸಲು ಬಿಳಿಯ ಆ ಮೈಗೆ ನೀಲಿ ಸೀಮೆಸುಣ್ಣ. ಎಡಗೈಗೆ ಆ ವಾಲು ಸಲೀಸು.

ವಾರದಲ್ಲಿ ಐದು ದಿನ ಬಳ್ಳಾರಿ. ಶನಿವಾರ ಮಧ್ಯಾಹ್ನ ಸಿರುಗುಪ್ಪ, ಭಾನುವಾರ ಬೆಳಿಗ್ಗೆ ಕುರುಗೋಡು. ಹಲಗೆಗಳ ಚೀಲ ಹೊತ್ತು ಬಸ್ಸು ಹತ್ತುತ್ತಾರೆ. ಸಿರುಗುಪ್ಪದವರು ಸುಗ್ಗಿಯಲ್ಲಿ ಅಕ್ಕಿ ಕೊಡುತ್ತಾರೆ, ಕುರುಗೋಡಿನವರು ಮೆಣಸಿನಕಾಯಿ. "ಅನ್ನ ಒಂದೂರಿಂದ, ಖಾರ ಒಂದೂರಿಂದ. ಮಜ್ಜಿಗಿ ಕೊಡೋ ಊರು ಒಂದು ಹುಡುಕಬೇಕು," ಎಂದು ನಗುತ್ತಾರೆ.

ನಾನು ಅವರ ಬಗ್ಗೆ ಬರೆಯಲು ಹೋದ ವಾರವೇ ಆ ನಗು ನಿಂತುಹೋಯಿತು.

ಬಳ್ಳಾರಿಯಲ್ಲಿ ಒಂದು ಖಾಸಗಿ ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ. ಹತ್ತನೇ ತರಗತಿ ಮುಗಿಸಿದ ಹಳ್ಳಿಯ ಹುಡುಗಿಯರಿಗೆ ಅಲ್ಲಿ ಊಟ, ವಸತಿ, ಪಿಯು ಓದು, ಎಲ್ಲ ಉಚಿತ. ಅರ್ಜಿಯ ಜೊತೆ ಮನೆಯಲ್ಲೇ ಕೂತು ಸ್ವಂತ ಕೈಬರಹದಲ್ಲಿ ಬರೆದ ಒಂದು ಪ್ರಬಂಧ ಕಳಿಸಬೇಕು. ಈ ಸಲ ಸಿರುಗುಪ್ಪ ಮತ್ತು ಕುರುಗೋಡಿನಿಂದ ಹೋದ ಒಂಬತ್ತು ಅರ್ಜಿಗಳನ್ನು ಟ್ರಸ್ಟಿನವರು ಪಕ್ಕಕ್ಕಿಟ್ಟರು. ಕಾರಣ: ಒಂಬತ್ತೂ ಒಬ್ಬರೇ ಬರೆದದ್ದು.

ಒಂಬತ್ತೂ ಹುಡುಗಿಯರು ಗೆರಿ ಅಮ್ಮನ ಶಿಷ್ಯೆಯರು.

ಕುರುಗೋಡಿನ ಸುಂಕಮ್ಮ ಮಗಳು ರಶ್ಮಿಯನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ನಿಂತಾಗ ನಾನು ಅಲ್ಲೇ ಇದ್ದೆ. ಸುಂಕಮ್ಮ ಕೂರಲಿಲ್ಲ.

"ಏನ್ ಕಲಿಸಿದ್ರೀ ಅಮ್ಮಾರ? ಚೆಂದ ಬರೀತಾಳ, ಚೆಂದ ಬರೀತಾಳ ಅಂದ್ರಿ. ಚೆಂದ ಬರದದ್ದಕ್ಕ ಕಳ್ಳಿ ಅಂತಾರ ನನ್ನ ಮಗಳನ್ನ. ಕಾಗಿ ಕಾಲು ಗುಬ್ಬಿ ಕಾಲು ಬರದಿದ್ರ ಸೀಟ್ ಸಿಗತಿತ್ತು."

ರಶ್ಮಿ ಎಡಗೈಯವಳು. ಎಂಟು ಪ್ರಬಂಧಗಳ ಅಕ್ಷರ ಬಲಕ್ಕೆ ವಾಲಿದ್ದರೆ ಅವಳದು ಎಡಕ್ಕೆ. ಅಷ್ಟಾದರೂ ಅವಳನ್ನು ಉಳಿಸಬೇಕಿತ್ತಲ್ಲ? ಟ್ರಸ್ಟಿನವರು ಹೇಳಿದ್ದು ಕೇಳಿ ನಾನು ದಂಗಾದೆ: ಬರೆದ ವ್ಯಕ್ತಿ ಅನುಮಾನ ಬಾರದಿರಲಿ ಎಂದು ಒಂದನ್ನು ಬೇಕೆಂದೇ ಎಡಕ್ಕೆ ವಾಲಿಸಿ ಬರೆದಿದ್ದಾರೆ. ರಶ್ಮಿಯ ಹಾಳೆಯೇ ಮೋಸಕ್ಕೆ ಸಾಕ್ಷಿ.

ವೀರಭದ್ರಮ್ಮ ಐದು ಕಣ್ಣಿನ ಹುಡುಗಿಯನ್ನು ನೋಡುತ್ತ, ಸುಂಕಮ್ಮನಿಗಲ್ಲ, ತಮಗೇ ಅನ್ನುವಂತೆ ಹೇಳಿದರು: "ಇದರಿಂದ ಒಬ್ಬರಿಗೂ ಹೊಡೀಲಿಲ್ಲ. ಆದ್ರೂ ಎಲ್ಲಾರ ಕೈ ಮುರಿದು ಒಂದು ಮಾಡಿದೆನೇನು?"

ಹುಡುಗಿಯರನ್ನು ಟ್ರಸ್ಟಿನವರು ಆಮೇಲೆ ಕರೆಸಿ ಎದುರಿಗೇ ಬರೆಸಿದರು. ಒಂಬತ್ತೂ ಜನ ಅದೇ ಅಕ್ಷರ ಬರೆದರು, ರಶ್ಮಿ ಎಡಗೈಯಲ್ಲಿ. ಸಮಸ್ಯೆ ಬಗೆಹರಿಯುವ ಬದಲು ಬಿಗಿಯಾಯಿತು. "ಎಲ್ಲರೂ ಹೀಗೇ ಬರೀತಾರೆ ಅಂದ್ರೆ ಒಪ್ಪೋಣ. ಆದ್ರೆ ಯಾರದ್ದನ್ನ ಯಾರು ಬರೆದು ಕೊಟ್ಟಿದ್ದಾರೆ ಅಂತ ಹೇಗೆ ಹೇಳೋದು?" ಎಂದು ಟ್ರಸ್ಟಿನ ಕಾರ್ಯದರ್ಶಿ ಚನ್ನಬಸವರಾಜ ಅವರು ನನ್ನನ್ನೇ ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ. ಅವರ ಕಚೇರಿಯ ಗುಮಾಸ್ತರೊಬ್ಬರು, ಇದು ಸತ್ಯನಾರಾಯಣಪೇಟೆಯ ಗೆರಿ ಅಮ್ಮನ ಪಾಠ, ಗುರುತಿಸುವುದಾದರೆ ಅವರೇ ಗುರುತಿಸಬೇಕು ಅಂದರಂತೆ. ಕಾರ್ಯದರ್ಶಿ ವೀರಭದ್ರಮ್ಮನನ್ನು ಸೋಮವಾರ ಹತ್ತು ಗಂಟೆಗೆ ಬರಹೇಳಿದರು. ಮಂಗಳವಾರ ಆಯ್ಕೆ ಪಟ್ಟಿ.

ಸೋಮವಾರ ವೀರಭದ್ರಮ್ಮ ಪುಸ್ತಕವನ್ನು ಸೀರೆಯ ತುಂಡಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟರು. ಆಟೋದಲ್ಲಿ ಒಂದೇ ಮಾತು: "ನಂಗ ಗುರುತು ಸಿಗಲಿಲ್ಲಂದ್ರ, ತಂಗಿ, ನಾಳಿಯಿಂದ ಹಲಗಿ ಬಡಿಯಂಗಿಲ್ಲ."

ಟ್ರಸ್ಟಿನ ಕಚೇರಿಯ ಮೇಜಿನ ಮೇಲೆ ಪ್ರಬಂಧದ ಹಾಳೆಗಳು. ಹೆಸರಿನ ಜಾಗಕ್ಕೆ ಕಾಗದ ಅಂಟಿಸಿ, ಸಂಖ್ಯೆ ಬರೆದಿದ್ದರು. ಕಾರ್ಯದರ್ಶಿಯ ಕೈಯಲ್ಲಿ ಯಾವ ಸಂಖ್ಯೆ ಯಾರದು ಎಂಬ ಪಟ್ಟಿ. ಆ ಹಾಳೆಗಳನ್ನು ಪಕ್ಕಪಕ್ಕ ಇಟ್ಟಿದ್ದರು. ಒಂದರ ವಾಲು ಬಿಟ್ಟರೆ ಎಲ್ಲ ಒಂದೇ ಅಚ್ಚು. ಅಜ್ಜಿಯ ಕಥೆಯಲ್ಲಿ ಮಾಯಾವಿ ಏಳು ಜನ ಹುಡುಗಿಯರಿಗೆ ಒಂದೇ ಮುಖ ಕೊಟ್ಟು, ನಿನ್ನ ಮಗಳನ್ನು ಆರಿಸಿಕೋ ಅನ್ನುತ್ತಾನೆ. ಅಲ್ಲಿ ತಾಯಿ ಆರಿಸಿಕೊಳ್ಳಬೇಕಿದ್ದುದು ಒಬ್ಬಳನ್ನು. ಇಲ್ಲಿ ಒಬ್ಬಳು ತಪ್ಪಿದರೂ ಎಲ್ಲರೂ ಹೋದಂತೆ.

"ವಿಷಯ ಓದಿ ಊರು ಮನೆ ಗುರುತು ಹಿಡಿಯೋ ಹಾಗಿಲ್ಲ ಅಮ್ಮಾರ," ಅಂದರು ಕಾರ್ಯದರ್ಶಿ.

"ಓದೋದ್ಯಾಕ?" ವೀರಭದ್ರಮ್ಮ ಹಾಳೆಗಳನ್ನೆಲ್ಲ ತಲೆಕೆಳಗಾಗಿ ತಿರುಗಿಸಿ ಜೋಡಿಸಿದರು. ಚನ್ನಬಸವರಾಜ ಅವರ ಹುಬ್ಬು ಮೇಲೆದ್ದಿತು.

ಮೊದಲು ಎತ್ತಿದ್ದು ಎಡಕ್ಕೆ ವಾಲಿದ ಹಾಳೆ. "ಇದು ರಶ್ಮಿ. ಬಲಗೈಯವರು ಎಡಕ್ಕ ವಾಲಿಸಿ ಬರದ್ರ ದುಂಡು ಸುತ್ತೋದು ಮಾತ್ರ ಬಲಗೈ ದಿಕ್ಕಿಗೇ ಸುತ್ತತಾರ. ಇಕಿ ಸೊನ್ನಿ ನೋಡ್ರಿ, ಗೆರಿ ಎಲ್ಲಿ ಕೂಡೈತಿ ನೋಡ್ರಿ. ಇದನ್ನ ನಟನಿ ಮಾಡಾಕ ಬರಂಗಿಲ್ಲ." ಮುಂದಿನದು. "ಇಕಿಗೆ ಉಬ್ಬಸ. ಮೂರ್ ಅಕ್ಷರಕ್ಕ ಒಮ್ಮಿ ಪೆನ್ ಎತ್ತತಾಳ, ಉಸಿರು ತೊಗೊಳ್ಳಾಕ." ಅದರ ಮುಂದಿನದು. "ಇಕಿ ಅವಸರದಾಕಿ. ಸಾಲು ಮುಗಿಯೋದ್ರಾಗ ಮುಂದಿನ ಸಾಲಿಗೆ ಜಿಗೀಬೇಕು. ಕೊನೀ ಅಕ್ಷರದ ಬಾಲ ನೋಡ್ರಿ, ಬಸ್ ತಪ್ಪಿದವರಂಗ ಓಡೈತಿ." ಒಂದೊಂದಕ್ಕೂ ಹೆಸರು ಹೇಳುತ್ತಾರೆ, ಕಾರ್ಯದರ್ಶಿ ಪಟ್ಟಿಯಲ್ಲಿ ಗುರುತು ಹಾಕುತ್ತಾರೆ, ಮುಖದಲ್ಲಿ ಏನೂ ತೋರಿಸುವುದಿಲ್ಲ.

ಕೊನೆಗೆ ಮೂರು ಹಾಳೆ ಉಳಿದವು, ಹೆಸರು ಎರಡೇ. ವೀರಭದ್ರಮ್ಮ ಎಣಿಸಿದರು. ಮತ್ತೆ ಎಣಿಸಿದರು. ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. ಕಣ್ಣು ಮುಚ್ಚಿದರು. ಹಾಳೆಗಳನ್ನು ಮಗುಚಿ, ಬರೆಯದ ಬೆನ್ನಿನ ಮೇಲೆ ಬೆರಳು ಆಡಿಸಿದರು.

"ಇದು ಅಕ್ಷತಾ. ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗ್ತಾಳ. ಹೆಬ್ಬೆರಳು ಉರೀತೈತಿ, ಪೆನ್ನು ಒತ್ತಂಗಿಲ್ಲ. ಹಾಳಿ ಬೆನ್ನಿಗೆ ಗೆರಿ ಏಳಂಗಿಲ್ಲ." ಇನ್ನೊಂದರ ಹೆಸರೂ ಹೇಳಿದರು. ಮೂರನೆಯದರ ಮೇಲೆ ಬೆರಳಿಟ್ಟವರು ತಟ್ಟನೆ ಕಣ್ಣು ಬಿಟ್ಟರು.

"ಇದು ಹುಡುಗೀರದಲ್ಲ. ಇದು ಗಂಡಸಿನ ಒತ್ತು. ಕಲಿತು ಇಪ್ಪತ್ತು ವರ್ಷ ಮ್ಯಾಲಾಗೈತಿ." ಹಾಳೆಯನ್ನು ತಲೆಕೆಳಗಾಗಿ ಹಿಡಿದು ಒಂದು ಕ್ಷಣ ನೋಡಿದರು. ಮುಖ ಅರಳಿತು. "ಕರಿಬಸವಾ! ಎಲ್ಲಿ ಅಡಗೀಯಲೇ? ಇನ್ನೂ 'ಳ' ಕಾರಕ್ಕ ಬಸುರಿ ಹೊಟ್ಟಿ ಮಾಡೋದು ಬಿಟ್ಟಿಲ್ಲೇನು?"

ಬೀರುವಿನ ಹಿಂದಿನಿಂದ ನಲವತ್ತು ದಾಟಿದ ಗುಮಾಸ್ತ ಕರಿಬಸವ ತಲೆ ತಗ್ಗಿಸಿಕೊಂಡು ಹೊರಗೆ ಬಂದರು. ಗೆರಿ ಅಮ್ಮನ ಹೆಸರು ಹೇಳಿದ್ದು ಇವರೇ. ಒಂಬತ್ತರ ಜೊತೆ ಇವರ ಕೈಯ ಒಂದು ಹಾಳೆ ಸೇರಿಸಿ ಪರೀಕ್ಷೆ ಒಡ್ಡಿದ್ದು ಕಾರ್ಯದರ್ಶಿ. "ತಪ್ಪಾತ್ರಿ ಅಮ್ಮಾರ, ಸಾಹೇಬ್ರು ಬರಿ ಅಂದ್ರು," ಎಂದು ಕರಿಬಸವ ಕಾಲಿಗೆರಗಿದರು.

ಒಂಬತ್ತಕ್ಕೆ ಒಂಬತ್ತು ಸರಿ. ಚನ್ನಬಸವರಾಜ ಅವರು ಎದ್ದು ನಿಂತು ಕೈಮುಗಿದರು. ಅರ್ಜಿಗಳು ಆಯ್ಕೆಯ ಕಂತೆಗೆ ಮರಳಿದವು. (ಮರುದಿನದ ಪಟ್ಟಿಯಲ್ಲಿ ಏಳು ಹೆಸರಿದ್ದವು, ರಶ್ಮಿಯದೂ ಸೇರಿ. ಅಕ್ಷತಾ ಕಾಯುವವರ ಪಟ್ಟಿಯಲ್ಲಿದ್ದಾಳೆ.)

ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಅಜ್ಜಿಗೆ ಇಷ್ಟವಾಗುತ್ತಿತ್ತು. ಆದರೆ ಕಾರ್ಯದರ್ಶಿ, ಕಡತಕ್ಕೆ ಬೇಕು, ಈಗ ಹೇಳಿದ್ದನ್ನೆಲ್ಲ ಬರೆದು ಸಹಿ ಮಾಡಿ ಅಂದರು. ವೀರಭದ್ರಮ್ಮ ಬಲಗೈಯಲ್ಲಿ ಬರೆದರು. ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳಲ್ಲಿ ಮರಿಬಸಪ್ಪನವರು ಮಗಳಿಗಾಗಿ ಬರೆದಿಟ್ಟ ಕನ್ನಡ ಮೇಲ್ಪಂಕ್ತಿಗಳಿದ್ದವು. ಕಾರ್ಯದರ್ಶಿ ಅದರ ಪಕ್ಕ ಈ ಹಾಳೆ ಇಟ್ಟು, ಎರಡರಲ್ಲೂ ಒಂದೊಂದೇ ಸಾಲು ಕಾಣುವಂತೆ ಕಾಗದ ಮುಚ್ಚಿ, ತಮಾಷೆಗೆ ಕೇಳಿದರು. "ಇದೊಂದು ಹೇಳಿಬಿಡ್ರಿ. ನಿಮ್ಮದು ಯಾವುದು, ನಿಮ್ಮ ತಂದೆಯವರದು ಯಾವುದು? ಶಾಯಿ ಬಣ್ಣ, ಹಾಳೆ ಬಣ್ಣ ನೋಡದೆ, ಬರೀ ಕೈ ನೋಡಿ."

ವೀರಭದ್ರಮ್ಮ ನಗುತ್ತಲೇ ತಲೆಕೆಳಗಾಗಿ ತಿರುಗಿಸಿದರು. ನೋಡಿದರು. ನಗು ನಿಧಾನವಾಗಿ ಇಳಿಯಿತು. ಒಂದು ಸಾಲಿನ ಮೇಲೆ ಬೆರಳಿಟ್ಟರು, ತೆಗೆದರು. ಇನ್ನೊಂದರ ಮೇಲಿಟ್ಟರು. ಕಣ್ಣು ಮುಚ್ಚಿದರು.

"ಗೊತ್ತಾಗವಲ್ದರಿ," ಅಂದರು.

ಕರಿಬಸವ ತಂದ ಚಹಾ ತಣ್ಣಗಾಯಿತು. ಸಾವಿರ ಮಕ್ಕಳ ಕೈಯನ್ನು ಕಣ್ಣುಮುಚ್ಚಿ ಗುರುತಿಸಬಲ್ಲ ಹೆಂಗಸು ತಮ್ಮದೊಂದನ್ನು ಗುರುತಿಸಲಾರದೆ ಕೂತಿದ್ದರು. ಆ ಮುದಿ ಮಾಸ್ತರನ ಕೈ ಮರಿಬಸಪ್ಪನಿಗೆ, ಮರಿಬಸಪ್ಪನದು ಮಗಳಿಗೆ. ಅವಳ ಕೈ ಎಲ್ಲಿ ಹೋಯಿತು?

ಉತ್ತರ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಟಪ್ ಟಪ್ ಸದ್ದು ಎಂದಿನಂತೆಯೇ ಎದ್ದಿತ್ತು. ನಲವತ್ತಾರು ಹಲಗೆ ಬಡಿದ ಮೇಲೂ ಒಂದು ಹಲಗೆ ಗೋಡೆಗೆ ಮುಖ ಮಾಡಿ ನಿಂತಿತ್ತು. ಅದು ಯಾರದು ಎಂದೆ. ವೀರಭದ್ರಮ್ಮ ಅದನ್ನು ತಿರುಗಿಸಿ ತೋರಿಸಿದರು.

ಜೀನ್ಸಿನ ಒಳಮೈ. ಅದರ ಮೇಲೆ ಎಡಕ್ಕೆ ವಾಲಿ, ಒಂದು ಉಬ್ಬಿ ಒಂದು ಸೊರಗಿ, ಸಾಲು ಬಿಟ್ಟು ಕೆಳಗಿಳಿದ ಅಕ್ಷರಗಳು: ವೀರಭದ್ರಮ್ಮ.

"ನಿನ್ನಿ ಸಂಜಿಗೆ ಸುರು ಮಾಡೀನಿ. ಎಡಗೈಲೆ. ಒಂದನೇತ್ತಿ ಹುಡುಗರಂಗ ನಾಲಿಗಿ ಹೊರಗ ಹಾಕ್ಕೊಂಡು ಬರದೆ ನೋಡು," ಎಂದು ನಕ್ಕರು. "ಮೊದಲನೇ ಸಲ ಸೀಮೆಸುಣ್ಣ ಹಿಡಿದಾಗ ಅಂಗೈ ತಾನ ಮುಚ್ಚಿಕೊಂತು. ಐವತ್ತೈದು ವರ್ಷಾದ್ರೂ ಅದಕ್ಕ ನೆನಪೈತಿ."

ಇದನ್ನು ಕಲಿತು ಏನು ಮಾಡುತ್ತೀರಿ ಎಂದು ಕೇಳಿದೆ. ಕೇಳಬಾರದಿತ್ತೇನೋ. ಅವರು ಮಾತ್ರ ಉತ್ತರ ಮೊದಲೇ ಯೋಚಿಸಿಟ್ಟಿದ್ದರು.

"ಬ್ಯಾಂಕಿಗೆ ಹೋಗಿ ಒಂದು ಚೀಟಿ ಮ್ಯಾಲ ಹಿಂಗ ಸಹಿ ಮಾಡಬೇಕವ್ವ, ಎಡಗೈಲೆ. ಇದು ಹೊಂದಂಗಿಲ್ಲ, ನಿಮ್ಮದಲ್ಲ ಅಂತಾರ." ಐದು ಕಣ್ಣಿನ ಹುಡುಗಿಯನ್ನು ಮೊಳೆಗೆ ತೂಗುಹಾಕಿ, ಮಕ್ಕಳಿಗೆ ಚಾಪೆ ಹಾಸುತ್ತ ಹೇಳಿದರು. "ಅನ್ನಲಿ. ನಂದೇ ಐತಿ ಅಂತೀನಿ."